ಕಾರ್ಡಿಗೆ ತಕ್ಕ ಸ್ಟಾಂಪು

ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಆರಿಸುವವರನ್ನು ಲೋಕ ಜಾಣರೆನ್ನುತ್ತದೆ. ಅಂಗಡಿಯವನಿಂದ ನಲವತ್ತು ಸೀರೆಗಳನ್ನು ಹರಡಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ಕೊಂಡು ಬರುವವರನ್ನೂ ಲೋಕ ಕ್ಷಮಿಸುತ್ತದೆ. ಆದರೆ ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು, “ಈ ಚಿತ್ರ ಬೇಡ, ಬೇರೆ ಯಾವುದಾದರೂ ಸ್ಟಾಂಪು ಇದ್ದರೆ ತೋರಿಸಿ” ಎಂದು ಕೇಳಿದವನ ಪಾಡನ್ನು ನೋಡಬೇಕು. ಒಳಗಿರುವವರು ಕನ್ನಡಕದ ಮೇಲಿನಿಂದ ಅವನನ್ನು ನೋಡುತ್ತಾರೆ. ಬೆನ್ನ ಹಿಂದೆ ಸಾಲಿನಲ್ಲಿ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಾರೆ. “ಐದು ರೂಪಾಯಿ ಸ್ಟಾಂಪು ಅಂದರೆ ಐದು ರೂಪಾಯಿ ಸ್ಟಾಂಪು. ಅದರಲ್ಲಿ ಆರಿಸುವುದೇನು ಬಂತು ಸ್ವಾಮಿ?” ಎಂಬ ಪ್ರಶ್ನೆ ಹುಟ್ಟುತ್ತದೆ.

ಈ ಪ್ರಶ್ನೆಗೆ ಕಿಟಕಿಯ ಮುಂದೆ ಉತ್ತರ ಹೇಳುವಷ್ಟು ವೇಳೆ ಯಾರಿಗೂ ಇರುವುದಿಲ್ಲ. ಭಾನುವಾರದ ಬೆಳಗ್ಗೆ ಎರಡನೆಯ ಲೋಟ ಕಾಫಿಯ ಜೊತೆಗೆ ಪತ್ರಿಕೆ ಓದುವವರಿಗೆ ಸ್ವಲ್ಪ ಇರಬಹುದೆಂದು ನಂಬಿ ಇಲ್ಲಿ ಹೇಳುತ್ತೇನೆ.

ಮೊದಲು ಕಾರ್ಡಿನ ಮಾತು. ಕಾಗದಕ್ಕೆ ಹೋಲಿಸಿದರೆ ಕಾರ್ಡು ಕಿರಿಯ. ಆಸ್ಟ್ರಿಯಾದ ಅರ್ಥಶಾಸ್ತ್ರದ ಅಧ್ಯಾಪಕ ಎಮಾನುಯೆಲ್ ಹೆರ್ಮನ್ ಎಂಬಾತ, ನಾಲ್ಕು ಸಾಲಿನ ಸಮಾಚಾರಕ್ಕೆ ಹಾಳೆ, ಲಕೋಟೆ, ಅರಗು ಇಷ್ಟೆಲ್ಲ ಏಕೆ ಎಂದು ಲೆಕ್ಕ ಹಾಕಿದ. ಅವನ ಸಲಹೆಯಂತೆ ೧೮೬೯ರ ಅಕ್ಟೋಬರ್ ೧ರಂದು ಆಸ್ಟ್ರಿಯಾ–ಹಂಗರಿಯಲ್ಲಿ ಪ್ರಪಂಚದ ಮೊದಲ ಅಂಚೆ ಕಾರ್ಡು ಹೊರಟಿತು. ನಮ್ಮ ದೇಶಕ್ಕೆ ಅದು ೧೮೭೯ರ ಜುಲೈ ೧ರಂದು ಬಂದಿತು. ಕಾಗದಕ್ಕೆ ಅರ್ಧಾಣೆ ಇದ್ದ ಕಾಲದಲ್ಲಿ ಕಾರ್ಡಿಗೆ ಕಾಲಾಣೆ. ಅಂದಿನಿಂದ ಈ ದೇಶದ ಬಡವನ ಕ್ಷೇಮಸಮಾಚಾರಗಳನ್ನೆಲ್ಲ ಹೊತ್ತದ್ದು ಈ ಅಂಗೈಯಗಲದ ರಟ್ಟು.

ಕಾರ್ಡಿನಲ್ಲೇ ಸ್ಟಾಂಪು ಅಚ್ಚಾಗಿರುತ್ತದಲ್ಲ, ಆರಿಸುವ ಪ್ರಮೇಯವೆಲ್ಲಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸರ್ಕಾರದ ಕಾರ್ಡಿಗೆ ಸ್ಟಾಂಪು ಹುಟ್ಟಿನಿಂದ ಬಂದ ಮಚ್ಚೆಯ ಹಾಗೆ. ಆದರೆ ಚಿತ್ರದ ಕಾರ್ಡುಗಳಿವೆ. ಊರಿಂದೂರಿಗೆ ಹೋದವರು ಕೊಂಡು ಬರೆಯುವಂಥವು. ಮನೆಯಲ್ಲೇ ರಟ್ಟು ಕತ್ತರಿಸಿ ಮಕ್ಕಳು ಬಣ್ಣ ಹಚ್ಚಿದ ಕಾರ್ಡುಗಳಿವೆ. ಹೊರದೇಶಕ್ಕೆ ಹೋಗಬೇಕಾದ ಕಾರ್ಡುಗಳಿವೆ. ಇನ್ನು ದರ ಏರಿದಾಗಲೆಲ್ಲ, ಮೊದಲೇ ಕೊಂಡು ಕಪಾಟಿನಲ್ಲಿಟ್ಟ ಹಳೆಯ ಕಾರ್ಡುಗಳ ಪಕ್ಕಕ್ಕೆ ಕೊರತೆಯಷ್ಟು ಸ್ಟಾಂಪು ಹಚ್ಚಿ ಅವನ್ನು ಬದುಕಿಸಿಕೊಂಡ ಸಂಸಾರಸ್ಥರು ನಮ್ಮಲ್ಲಿ ಕಡಿಮೆಯೇನಿಲ್ಲ. ಇವೆಲ್ಲಕ್ಕೂ ತಕ್ಕ ಸ್ಟಾಂಪು ಬೇಕು. ತಕ್ಕದ್ದು ಎಂದರೆ ನನ್ನ ಲೆಕ್ಕದಲ್ಲಿ ಮೂರು: ಬೆಲೆ ತಕ್ಕದ್ದಾಗಿರಬೇಕು, ಜಾಗ ತಕ್ಕದ್ದಾಗಿರಬೇಕು, ಚಿತ್ರ ತಕ್ಕದ್ದಾಗಿರಬೇಕು.

ಬೆಲೆಯ ವಿಷಯದಲ್ಲಿ ನಮ್ಮ ತಂದೆಯವರು ಬಹಳ ಕಟ್ಟುನಿಟ್ಟು. “ಸ್ಟಾಂಪು ಕಡಿಮೆ ಹಚ್ಚುವುದೂ ಒಂದೇ, ಊಟಕ್ಕೆ ಕರೆದು ಎಲೆ ನೀವೇ ತನ್ನಿ ಎನ್ನುವುದೂ ಒಂದೇ” ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅಂಚೆಯ ಚರಿತ್ರೆಯೇ ಅಡಗಿತ್ತು. ಸ್ಟಾಂಪು ಹುಟ್ಟುವುದಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಾಗದದ ಹಣವನ್ನು ಸಾಮಾನ್ಯವಾಗಿ ಪಡೆದವನೇ ತೆರಬೇಕಾಗಿತ್ತು. ದೂರ ಹೆಚ್ಚಿದಷ್ಟೂ ಹಣ ಹೆಚ್ಚು. ಮಗ ಬರೆದ ಕಾಗದವನ್ನು ಬಾಗಿಲಲ್ಲಿ ಕಂಡು, ಬಿಡಿಸಿಕೊಳ್ಳಲು ಕಾಸಿಲ್ಲದೆ ಹಿಂದಿರುಗಿಸುವ ತಾಯಂದಿರಿದ್ದರು. ರೋಲೆಂಡ್ ಹಿಲ್ ಎಂಬ ಮಹನೀಯ ಈ ಪದ್ಧತಿಯನ್ನು ತಿರುವುಮುರುವು ಮಾಡಿದ. ಬರೆದವನೇ ಮೊದಲು ಹಣ ಕೊಡಲಿ, ಕೊಟ್ಟದ್ದಕ್ಕೆ ಗುರುತಾಗಿ ಒಂದು ಚೀಟಿ ಅಂಟಿಸಲಿ ಎಂದ. ೧೮೪೦ರ ಮೇ ತಿಂಗಳಲ್ಲಿ ಕಪ್ಪು ಬಣ್ಣದ ಒಂದು ಪೆನ್ನಿಯ ಚೀಟಿ ಹೊರಬಂದಿತು. ನಮ್ಮಲ್ಲಿ ೧೮೫೨ರಲ್ಲಿ ಸಿಂಧ್ ಪ್ರಾಂತದ ಚೀಟಿ, ೧೮೫೪ರಲ್ಲಿ ದೇಶಕ್ಕೆಲ್ಲ ಒಂದೇ ಚೀಟಿ, ದೂರವನ್ನು ಲೆಕ್ಕಿಸದ ಒಂದೇ ದರ.

ಆದ್ದರಿಂದ ಸ್ಟಾಂಪು ಎಂಬುದು ಬರಿಯ ರಸೀದಿಯಲ್ಲ. “ನೀನು ಕೊಡಬೇಕಾದ್ದು ಏನೂ ಇಲ್ಲ, ನಾನು ಕೊಟ್ಟಾಗಿದೆ, ನೀನು ಸುಮ್ಮನೆ ಕೈಯೊಡ್ಡಿ ತೆಗೆದುಕೋ” ಎಂದು ಬರೆದವನು ಓದುವವನಿಗೆ ಹೇಳುವ ಮೊದಲ ಮಾತು ಅದು. ಒಳಗಿನ ಒಕ್ಕಣೆ ಆಮೇಲಿನದು. ಕೊರತೆ ಬಿದ್ದ ಕಾಗದ ‘ಬೇರಿಂಗ್’ ಆಗಿ, ಕೊರತೆಯ ಇಮ್ಮಡಿಯನ್ನು ಪಡೆಯುವವನಿಂದ ವಸೂಲು ಮಾಡುವ ಕ್ರಮ ೧೮೯೮ರ ಅಂಚೆ ಕಾಯಿದೆಯ ಕಾಲದಲ್ಲಿ ಚೆನ್ನಾಗಿ ನಡೆದುಬಂದಿತ್ತು. ನಮ್ಮ ಬೀದಿಯಲ್ಲಿ ಒಬ್ಬ ಯಜಮಾನರಿದ್ದರು. ಬೇಕೆಂದೇ ಸ್ಟಾಂಪಿಲ್ಲದೆ ಕಾಗದ ಹಾಕುತ್ತಿದ್ದರು. ಕಾರಣ ಕೇಳಿದರೆ, “ದುಡ್ಡು ಕೊಟ್ಟು ಬಿಡಿಸಿಕೊಂಡ ಕಾಗದವನ್ನು ಜನ ಗಮನವಿಟ್ಟು ಓದುತ್ತಾರೆ” ಎನ್ನುತ್ತಿದ್ದರು. ಅವರ ಬೀಗರು ಅವರ ಕಾಗದಗಳನ್ನು ಗಮನವಿಟ್ಟು ಓದಿದರೋ ಏನೋ; ಅವರ ಮನೆಗೆ ಬರುವುದನ್ನಂತೂ ಕ್ರಮೇಣ ನಿಲ್ಲಿಸಿದರು.

ಕಡಿಮೆ ಹಚ್ಚುವುದು ತಪ್ಪಾದರೆ ಹೆಚ್ಚು ಹಚ್ಚುವುದು? ಇಲಾಖೆಗೆ ಅದರಿಂದ ಏನೂ ಬೇಸರವಿಲ್ಲ. ಆದರೆ ಹೆಚ್ಚು ಹಚ್ಚಿದ ಕಾರಣಕ್ಕೆ ಕಾರ್ಡು ಒಂದು ಗಳಿಗೆಯೂ ಬೇಗ ತಲಪುವುದಿಲ್ಲ. ಎಂಟಾಣೆಯ ಕಾರ್ಡೂ ಹತ್ತು ರೂಪಾಯಿ ಹಚ್ಚಿದ ಕಾರ್ಡೂ ಒಂದೇ ಚೀಲದಲ್ಲಿ, ಒಂದೇ ಬಸ್ಸಿನಲ್ಲಿ, ಒಂದೇ ಸೈಕಲ್ಲಿನ ಮೇಲೆ ಹೋಗುತ್ತವೆ. ಸಮತೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಸಂಸ್ಥೆ ನಮ್ಮಲ್ಲಿ ಇನ್ನೊಂದಿಲ್ಲ. ಕಾಲಾಣೆಯಿಂದ ಹೊರಟ ಕಾರ್ಡು, ೧೯೫೭ರ ಏಪ್ರಿಲ್ ೧ರಂದು ಆಣೆ ಪೈಗಳು ಹೋಗಿ ನಯೇ ಪೈಸೆ ಬಂದಾಗ ಐದು ನಯೇ ಪೈಸೆಯಾಯಿತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಐವತ್ತು ಪೈಸೆಗೆ ಬಂದು ಇಪ್ಪತ್ತು ವರ್ಷಕ್ಕೂ ಮೀರಿ ಅಲ್ಲಿಯೇ ಕುಳಿತಿದೆ. ಈ ನಡುವೆ ೨೦೧೧ರ ಜೂನ್ ತಿಂಗಳ ಕೊನೆಗೆ ನಾಲ್ಕಾಣೆಯ ನಾಣ್ಯ ಚಲಾವಣೆಯಿಂದ ಹೋಯಿತು. ಎಂಟಾಣೆಯ ನಾಣ್ಯಕ್ಕೆ ಕಾಯಿದೆಯಲ್ಲಿ ಬೆಲೆಯುಂಟು, ಅಂಗಡಿಯಲ್ಲಿ ಇಲ್ಲ. ಆದ್ದರಿಂದ ಒಂದು ಕಾರ್ಡು ಬೇಕಾದವನು ಎರಡು ಕೊಳ್ಳಬೇಕು. ಎರಡನೆಯದನ್ನು ಬರೆಯಲು ಇನ್ನೊಬ್ಬರನ್ನು ನೆನಪಿಗೆ ತಂದುಕೊಳ್ಳಬೇಕು. ಇದನ್ನು ನಾನು ಅನಾನುಕೂಲವೆಂದು ಎಣಿಸಿಲ್ಲ.

ಜಾಗದ ವಿಚಾರದಲ್ಲಿ ಹೇಳುವುದು ಕಡಿಮೆ. ವಿಳಾಸದ ಮಗ್ಗುಲಲ್ಲಿ, ಬಲಗಡೆಯ ಮೇಲಿನ ಮೂಲೆ. ಮುದ್ರೆ ಒತ್ತುವವರ ಕೈಗೂ ಯಂತ್ರಕ್ಕೂ ಅದು ಅನುಕೂಲ. ಈ ಒಂದು ಅಂಗುಲ ಜಾಗಕ್ಕೂ ಜನ ಅರ್ಥ ಹಚ್ಚದೆ ಬಿಟ್ಟಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯೂರೋಪಿನ ತರುಣ ತರುಣಿಯರು ಸ್ಟಾಂಪನ್ನು ವಾರೆಯಾಗಿ, ತಲೆಕೆಳಗಾಗಿ, ಅಡ್ಡಲಾಗಿ ಹಚ್ಚಿ, ಒಂದೊಂದು ವಾಲಿಗೂ ಒಂದೊಂದು ಪ್ರೇಮಸಂದೇಶವನ್ನು ಗೊತ್ತುಮಾಡಿಕೊಂಡಿದ್ದರು. ಆ ಸಂಕೇತಗಳ ಪಟ್ಟಿಯನ್ನೇ ಅಚ್ಚುಮಾಡಿದ ಕಾರ್ಡುಗಳು ಮಾರಾಟವಾಗುತ್ತಿದ್ದವು. ಪಟ್ಟಿ ಹುಡುಗಿಯ ತಂದೆಯ ಕೈಗೂ ಸಿಕ್ಕುವಂತಿದ್ದ ಮೇಲೆ ಅದು ಎಂಥ ಗುಟ್ಟು ಎಂದು ನನಗೆ ಅರ್ಥವಾಗಿಲ್ಲ.

ನಮ್ಮಲ್ಲಿ ಆ ಕೆಲಸವನ್ನು ಮಾಡಿದ್ದು ಸ್ಟಾಂಪಲ್ಲ, ಉಳಿದ ಮೂರು ಮೂಲೆಗಳು. ಶುಭಸಮಾಚಾರವಿದ್ದರೆ ಮೂಲೆಗೆ ಅರಿಶಿನ. ಸಾವಿನ ಸುದ್ದಿಯಾದರೆ ಮೂಲೆಗೆ ಕಪ್ಪು ಮಸಿ. ಓದು ಬಾರದ ಮುತ್ತಜ್ಜಿಯೂ ಕಾರ್ಡನ್ನು ದೂರದಿಂದ ಕಂಡೇ, ಎದೆಗೆ ಒತ್ತಿಕೊಳ್ಳಬೇಕೋ ಹೊರಗೇ ಹರಿದು ಹಾಕಿ ತಲೆಗೆ ನೀರೆರೆದುಕೊಳ್ಳಬೇಕೋ ಎಂಬುದನ್ನು ತಿಳಿಯುತ್ತಿದ್ದಳು. ಅಕ್ಷರಕ್ಕಿಂತ ಮೊದಲು ಬಣ್ಣ ಮಾತಾಡುತ್ತಿತ್ತು.

ಹಚ್ಚುವ ಬಗೆಯಲ್ಲೂ ನಮ್ಮವರದು ಬೇರೆ ದಾರಿ. ಸ್ಟಾಂಪಿನ ಬೆನ್ನನ್ನು ನಾಲಗೆಗೆ ತಾಕಿಸಿ ಅಂಟಿಸುವುದು ಪರದೇಶದ ರೂಢಿ. ನಮ್ಮ ತಂದೆಯವರಿಗೆ ಅದು ಎಂಜಲು. ಉಪನಯನದ ಕರೆಯೋಲೆಗೆ ಎಂಜಲು ಹಚ್ಚುವುದುಂಟೆ? ಬೆರಳನ್ನು ನೀರಿಗದ್ದಿ ಸ್ಟಾಂಪಿನ ಬೆನ್ನಿಗೆ ಸವರುತ್ತಿದ್ದರು. ನಾಸಿಕದ ಮುದ್ರಣಾಲಯದವರು ಬಳಿದ ಗೋಂದು ಹಿಡಿಯದೆ ಹೋದರೆ, ಅಂಚೆ ಕಚೇರಿಯ ಮೂಲೆಯಲ್ಲಿ ಒಂದು ಗೋಂದಿನ ಡಬ್ಬಿ, ಅದರಲ್ಲಿ ಹಲ್ಲು ಕಡ್ಡಿಯಷ್ಟು ಸವೆದ ಒಂದು ಕುಂಚ ಯಾವಾಗಲೂ ಇರುತ್ತಿತ್ತು.

ಇನ್ನು ಉಳಿದದ್ದು ಚಿತ್ರ. ನಿಜವಾದ ಆಯ್ಕೆ ಇರುವುದು ಇಲ್ಲಿ.

ಸ್ಟಾಂಪುಗಳಲ್ಲಿ ಎರಡು ಕುಲ. ಒಂದು ನಿತ್ಯದ ಬಳಕೆಯದು. ಬೇಕಾದಷ್ಟು ಸಲ, ಬೇಕಾದಷ್ಟು ಅಚ್ಚಾಗುತ್ತದೆ. ಇನ್ನೊಂದು ಸ್ಮಾರಕದ್ದು, ಒಂದು ದಿನ, ಒಬ್ಬ ಮನುಷ್ಯ ಅಥವಾ ಒಂದು ಸಂಗತಿಯ ನೆನಪಿಗೆ ಇಷ್ಟು ಎಂದು ಅಚ್ಚಾಗಿ, ಮುಗಿದರೆ ಮುಗಿಯಿತು. ಮೊದಲನೆಯದು ಮನೆಯ ಅನ್ನ, ಎರಡನೆಯದು ಹಬ್ಬದ ಹೋಳಿಗೆ. ಅನ್ನದಲ್ಲೂ ರುಚಿಯಿಲ್ಲವೆನ್ನಲಾಗದು. ೧೯೪೯ರ ಆಗಸ್ಟಿನಲ್ಲಿ ಸ್ವತಂತ್ರ ದೇಶದ ಮೊದಲ ನಿತ್ಯದ ಮಾಲೆ ಬಂದಾಗ ಅದರಲ್ಲಿ ಅಜಂತೆಯ ಆನೆ, ಕೋನಾರ್ಕದ ಕುದುರೆ, ನಟರಾಜ ಇವುಗಳ ಸಾಲಿನಲ್ಲಿ ನಮ್ಮ ವಿಜಾಪುರದ ಗೋಲಗುಂಬಜವೂ ಆರಾಣೆಯ ಬೆಲೆಗೆ ಕುಳಿತಿತ್ತು. ೧೯೫೫ರ ಪಂಚವಾರ್ಷಿಕ ಯೋಜನೆಯ ಮಾಲೆಯಲ್ಲಿ ಚರಕ, ಕೈಮಗ್ಗ, ನೇಗಿಲೆಳೆಯುವ ಎತ್ತುಗಳ ನಡುವೆ ಬೆಂಗಳೂರಿನ ವಿಮಾನ ಕಾರ್ಖಾನೆ ಹನ್ನೆರಡಾಣೆಯ ಸ್ಟಾಂಪಾಯಿತು. ದೇಶ ತನ್ನ ಬಗ್ಗೆ ತಾನು ಏನೆಂದುಕೊಂಡಿದೆ ಎಂಬುದನ್ನು ತಿಳಿಯಲು ದೊಡ್ಡ ಗ್ರಂಥಗಳು ಬೇಡ, ಒಂದು ಮಾಲೆಯ ಸ್ಟಾಂಪುಗಳು ಸಾಕು.

ನಮ್ಮ ಮೈಸೂರಿಗೆ ಮಾತ್ರ ತನ್ನದೆನ್ನುವ ಸ್ಟಾಂಪಿನ ಭಾಗ್ಯವಿರಲಿಲ್ಲ. ಚಿಕ್ಕದೇವರಾಜ ಒಡೆಯರು ೧೬೭೨ರಲ್ಲಿ ಕಟ್ಟಿದರೆನ್ನುವ ಅಂಚೆ ಎರಡು ಶತಮಾನ ನಡೆದು, ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಯಿತು. ಹೈದರಾಬಾದು, ತಿರುವಾಂಕೂರು, ಕೊಚ್ಚಿಗಳು ತಮ್ಮ ಸ್ಟಾಂಪುಗಳನ್ನು ತಾವೇ ಹೊರಡಿಸಿದವು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರ್ಗಿ, ರಾಯಚೂರುಗಳ ಕನ್ನಡಿಗರು ಹೈದರಾಬಾದಿನ ಸ್ಟಾಂಪು ಹಚ್ಚುತ್ತಿದ್ದ ಕಾಲದಲ್ಲಿ ಮೈಸೂರಿನ ಕನ್ನಡಿಗರು ಲಂಡನ್ನಿನ ರಾಣಿಯನ್ನೋ ದೊರೆಯನ್ನೋ ಹಚ್ಚುತ್ತಿದ್ದರು. ನಮಗೆ ಉಳಿದದ್ದು ಸ್ಟಾಂಪಲ್ಲ, ‘ಅಂಚೆ’ ಎಂಬ ಮಾತು. ಹಳಗನ್ನಡದಲ್ಲಿ ಆ ಮಾತಿಗೆ ಹಂಸ ಎಂದೂ ಅರ್ಥವಿದೆ. ನಳನ ಸಮಾಚಾರವನ್ನು ದಮಯಂತಿಗೆ ಮುಟ್ಟಿಸಿದ ಹಕ್ಕಿ ಅದು. ಅದಕ್ಕೆ ಯಾವ ಸ್ಟಾಂಪೂ ಬೇಕಾಗಿರಲಿಲ್ಲ.

ಸ್ಮಾರಕದ ಸ್ಟಾಂಪುಗಳಲ್ಲಿ ನಮ್ಮ ನಾಡಿನವರು ಅನೇಕರು ಬಂದಿದ್ದಾರೆ. ೧೯೬೦ರ ಸೆಪ್ಟೆಂಬರ್ ೧೫ರಂದು ವಿಶ್ವೇಶ್ವರಯ್ಯನವರಿಗೆ ನೂರು ತುಂಬಿದಾಗ ಅವರ ಚಿತ್ರದ ಹದಿನೈದು ನಯೇ ಪೈಸೆಯ ಸ್ಟಾಂಪು ಹೊರಬಂದಿತು. ಅದಕ್ಕೆ ಎರಡು ವರ್ಷ ಮೊದಲು, ೧೯೫೮ರಲ್ಲಿ, ಮಹರ್ಷಿ ಕರ್ವೆಯವರಿಗೂ ನೂರು ತುಂಬಿದಾಗಲೇ ಆ ಗೌರವ ಸಂದಿತ್ತು. ಬದುಕಿರುವಾಗಲೇ ಸ್ಟಾಂಪಿನ ಮೇಲೆ ಕಾಣಿಸಿಕೊಳ್ಳಬೇಕಾದರೆ ಆ ದಿನಗಳಲ್ಲಿ ನೂರು ವರ್ಷ ಕಾದಿರಬೇಕಾಗಿತ್ತು ಎಂದು ನಮ್ಮ ಮಿತ್ರರೊಬ್ಬರು ನಗುತ್ತಿದ್ದರು. ೧೯೬೪ರಲ್ಲಿ ಪುರಂದರದಾಸರು, ೧೯೬೭ರಲ್ಲಿ ಬಸವೇಶ್ವರರು, ೧೯೭೭ರಲ್ಲಿ ಕಿತ್ತೂರು ಚೆನ್ನಮ್ಮ, ೨೦೦೩ರಲ್ಲಿ ಜೋಗದ ಜಲಪಾತ, ೨೦೧೭ರಲ್ಲಿ ಕುವೆಂಪು. ಇಂಥವು ಕೈಗೆ ಬಂದಾಗ ಹತ್ತು ಹನ್ನೆರಡು ಹೆಚ್ಚಿಗೆ ಕೊಂಡು ಒಂದು ಹಳೆಯ ಪೆಪ್ಪರಮಿಂಟು ಡಬ್ಬಿಯಲ್ಲಿ ಹಾಕಿಡುವುದು ನನ್ನ ಅಭ್ಯಾಸ. ನಾನು ಸ್ಟಾಂಪು ಸಂಗ್ರಹಿಸುವವನಲ್ಲ. ಸಂಗ್ರಹಿಸುವವನು ಸ್ಟಾಂಪನ್ನು ಆಲ್ಬಂನಲ್ಲಿ ಸೆರೆಯಿಡುತ್ತಾನೆ. ನನ್ನದು ಪ್ರಯಾಣಕ್ಕೆ ಕಾದು ಕುಳಿತವರ ಛತ್ರ.

ಯಾರಿಗೆ ಯಾವುದು ಎಂಬ ಯೋಚನೆಯಲ್ಲಿ ಒಂದು ಸುಖವಿದೆ. ಸೇತುವೆ ಕಟ್ಟಿಸುವ ಕೆಲಸದಿಂದ ನಿವೃತ್ತನಾದ ಗೆಳೆಯನಿಗೆ ರೈಲಿನದೋ ಅಣೆಕಟ್ಟಿನದೋ ಒಂದು. ಸಂಗೀತದ ಮೇಷ್ಟರಿಗೆ ವೀಣೆಯದು. ಹೊಸದಾಗಿ ಓದು ಕಲಿತ ಮೊಮ್ಮಗುವಿಗೆ ಹಕ್ಕಿ, ಚಿಟ್ಟೆ. ಮನೆಯಲ್ಲಿ ಸಾವಾದವರಿಗೆ ಬರೆಯುವಾಗ ಡಬ್ಬಿಯನ್ನೆಲ್ಲ ಸುರುವಿಕೊಂಡು ಬಹಳ ಹೊತ್ತು ಕೂತದ್ದುಂಟು. ಕ್ರಿಕೆಟ್ಟು, ಹಬ್ಬ, ನಗುವ ಮಗು ಇವು ಆಗುವುದಿಲ್ಲ. ಗಾಂಧೀಜಿ ಎಲ್ಲ ಕಾಲಕ್ಕೂ ಒದಗುತ್ತಾರೆ. ಅವರ ಮುಖಕ್ಕೆ ಕಪ್ಪು ಮುದ್ರೆ ಬೀಳುವುದನ್ನು ಸಹಿಸದೆ ಅವರ ಸ್ಟಾಂಪನ್ನೇ ಕೊಳ್ಳದ ಹಿರಿಯರೊಬ್ಬರನ್ನು ನಾನು ಬಲ್ಲೆ. ಏಟು ತಿಂದೂ ಊರೂರು ನಡೆಯುವುದು ಅವರಿಗೆ ಹೊಸದೇನಲ್ಲವಲ್ಲ ಎಂದು ನಾನು ಸಮಾಧಾನ ಹೇಳಿದ್ದೆ.

ಪರದೇಶಕ್ಕೆ ಹೋಗುವ ಕಾರ್ಡಿನಲ್ಲಿ ಈ ಸುಖದ ಜೊತೆಗೆ ಲೆಕ್ಕದ ಕಷ್ಟವೂ ಸೇರುತ್ತದೆ. ಬೇಕಾದ ಮೊತ್ತಕ್ಕೆ ಒಂದೇ ಸ್ಟಾಂಪು ಸಿಕ್ಕದೆ ಮೂರು ನಾಲ್ಕನ್ನು ಜೋಡಿಸಿದರೆ, ವಿಳಾಸಕ್ಕೆ ಜಾಗವಿರುವುದಿಲ್ಲ. ೨೦೦೫ರಲ್ಲಿ ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯಿಷ್ ಎಂಬ ತರುಣ ‘ಪೋಸ್ಟ್‌ಕ್ರಾಸಿಂಗ್’ ಎಂಬ ಒಂದು ವ್ಯವಸ್ಥೆ ಹೂಡಿದ. ಗುರುತಿಲ್ಲದವರು ಗುರುತಿಲ್ಲದವರಿಗೆ ಕಾರ್ಡು ಬರೆಯುತ್ತಾರೆ. ಬರೆದಷ್ಟು ಕಾರ್ಡುಗಳು ಮತ್ತೆಲ್ಲಿಂದಲೋ ಬರುತ್ತವೆ. ನಮ್ಮ ಪಕ್ಕದ ಮನೆಯ ಹುಡುಗಿ ಇದರಲ್ಲಿ ಮುಳುಗಿದ್ದಾಳೆ. “ತಾತ, ಈಯಮ್ಮ ಹಕ್ಕಿ ಸ್ಟಾಂಪೇ ಬೇಕು ಅಂತಾರೆ, ನಿಮ್ಮ ಡಬ್ಬಿಯಲ್ಲಿ ಇದೆಯಾ?” ಎಂದು ಬರುತ್ತಾಳೆ. ಎಂದೂ ಕಾಣದ ಒಬ್ಬಾಕೆಯ ಇಷ್ಟಕ್ಕಾಗಿ ಈ ಕಾಲದ ಹುಡುಗಿ ಡಬ್ಬಿ ತಡಕುವುದನ್ನು ಕಂಡಾಗ, ಕಾಲ ಕೆಟ್ಟಿತೆನ್ನುವವರ ಮಾತಿಗೆ ನಾನು ತಲೆದೂಗಲಾರೆ. ಅಮೆರಿಕದಲ್ಲಿರುವ ನಮ್ಮವರಿಗೆ ಈ ಲೆಕ್ಕದ ಕಷ್ಟವಿಲ್ಲ. ಅಲ್ಲಿ ೨೦೧೩ರಿಂದ ಪರದೇಶದ ಕಾಗದಕ್ಕೆಂದೇ ದುಂಡನೆಯ ಒಂದು ಸ್ಟಾಂಪಿದೆ. ದರ ಏರಿದರೂ ಹಳೆಯದು ನಡೆಯುತ್ತದೆ. ಅನುಕೂಲವೇನೋ ಹೌದು. ಅದರೊಡನೆ ಆರಿಸುವ ಪ್ರಮೇಯವೂ ಕಡಿಮೆಯಾಯಿತು.

ಇಷ್ಟು ಹೊತ್ತು ಹೇಳಿದ್ದು ಹವ್ಯಾಸದ ಮಾತು. ಒಂದು ಕಾಲದಲ್ಲಿ ಅದು ನನಗೆ ಹವ್ಯಾಸವಾಗಿ ಮಾತ್ರ ಉಳಿಯಲಿಲ್ಲ. ಅದನ್ನೂ ಹೇಳಬೇಕು.

ನನ್ನ ಅಕ್ಕನನ್ನು ಕೊಟ್ಟದ್ದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಗೆ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ೨೦೦೬ರ ವೇಳೆಗೆ ಗ್ಲಾಕೋಮಾದಿಂದ ಅವಳ ಎರಡು ಕಣ್ಣೂ ಹೋದವು. ಬೆಳಕು ಯಾವ ಕಡೆಯಿದೆ ಎಂಬುದು ತಿಳಿಯುತ್ತಿತ್ತು, ಅಷ್ಟೇ. ಭಾವ ತೀರಿಕೊಂಡಿದ್ದರು. ಮಗ ಸೊಸೆ ಕೆಟ್ಟವರಲ್ಲ. ಆದರೆ ತೋಟದ ಸಾಲ, ಅಣ್ಣ ತಮ್ಮಂದಿರ ಪಾಲಿನ ಜಗಳ, ಇವುಗಳ ನಡುವೆ ಕಣ್ಣು ಕಾಣದ ಮುದುಕಿ ಹೇಗಿದ್ದಾಳೆಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ. ಟೆಲಿಫೋನು ನಡುಮನೆಯಲ್ಲಿತ್ತು. ನಾನು ಕರೆದಾಗ, “ಎಲ್ಲ ಚೆನ್ನಾಗಿದೀನಿ ಕಣೋ, ನೀನು ಹೇಗಿದೀಯ?” ಎನ್ನುವಳು. ನಡುಮನೆಯಲ್ಲಿ ಎಲ್ಲರ ಮುಂದೆ ನಿಂತು ಮತ್ತೇನು ಹೇಳಿಯಾಳು? ಕಾರ್ಡು ಬರೆದರೂ ಅದೇ ಪಾಡು. ಓದಿ ಹೇಳುವವನು ಮೊಮ್ಮಗ. ಕೇಳುವವರು ಮನೆಯ ಎಲ್ಲರೂ. ಕಾರ್ಡಿನಲ್ಲಿ ಮೊದಲೇ ಗುಟ್ಟಿಲ್ಲ. ಓದಿಸಿಕೊಳ್ಳುವ ಕಾರ್ಡಿನಲ್ಲಂತೂ ಎಳ್ಳಷ್ಟೂ ಇಲ್ಲ.

ಆ ವರ್ಷದ ಡಿಸೆಂಬರ್ ೧೩ರಂದು ನಮ್ಮ ಅಂಚೆ ಇಲಾಖೆ ಶ್ರೀಗಂಧದ ಸ್ಟಾಂಪನ್ನು ಹೊರಡಿಸಿತು. ಬೆಲೆ ಹದಿನೈದು ರೂಪಾಯಿ. ಕಂಪು ಸೂಸುವ ಸ್ಟಾಂಪು ಈ ದೇಶದಲ್ಲಿ ಅದೇ ಮೊದಲನೆಯದು. ಗುಲಾಬಿ ಮರುವರ್ಷ ಬಂದಿತು, ಮಲ್ಲಿಗೆ ಅದರಾಚೆಯ ವರ್ಷ; ಕಾಫಿಯ ಸ್ಟಾಂಪು ಬಂದದ್ದು ೨೦೧೭ರಲ್ಲಿ. ಬೆರಳಿನಿಂದ ಮೆಲ್ಲನೆ ಉಜ್ಜಿದರೆ ಸಾಣೆಕಲ್ಲಿನ ಮೇಲೆ ಆಗ ತಾನೆ ತೇಯ್ದಂಥ ಗಂಧದ ವಾಸನೆ. ಮೂಗಿಗೆ ಹಿಡಿದ ಕೂಡಲೆ ನನಗೆ ನಮ್ಮ ತಂದೆಯವರ ಪೂಜೆಯ ಕೋಣೆ ಕಂಡಿತು. ಮದುವೆಯಾಗಿ ಹೋಗುವವರೆಗೆ ದಿನವೂ ಬೆಳಗ್ಗೆ ಅಲ್ಲಿ ಕೂತು ಗಂಧ ತೇಯ್ದವಳು ಅಕ್ಕ. ಹನ್ನೆರಡು ಸ್ಟಾಂಪು ಕೊಂಡೆ. ತಿಂಗಳಿಗೆ ಒಂದು ಕಾರ್ಡು ಎಂದು ಲೆಕ್ಕ.

ಮೊದಲ ಕಾರ್ಡನ್ನು ಪೆಟ್ಟಿಗೆಗೆ ಹಾಕದೆ ಕಿಟಕಿಗೇ ಕೊಟ್ಟೆ. ಮುದ್ರೆಯನ್ನು ಸ್ಟಾಂಪಿನ ಅಂಚಿಗೆ ಮಾತ್ರ ಒತ್ತಿಸಬೇಕಾಗಿತ್ತು.

“ಕಾರ್ಡಿನಲ್ಲೇ ಸ್ಟಾಂಪು ಅಚ್ಚಾಗಿದೆಯಲ್ಲ ಸಾರ್, ಮತ್ತೆ ಹದಿನೈದು ರೂಪಾಯಿದು ಯಾಕೆ ಹಚ್ಚಿದಿರಿ?” ಎಂದರು ಒಳಗಿದ್ದವರು.

“ಅಚ್ಚಾಗಿರುವುದು ಇಲಾಖೆಗೆ. ಇದು ನಮ್ಮ ಅಕ್ಕನಿಗೆ. ಅವಳಿಗೆ ಕಣ್ಣು ಕಾಣುವುದಿಲ್ಲ.”

ಅವರು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಬಹಳ ಜೋಪಾನವಾಗಿ, ಒಂದು ಮೂಲೆಗೆ ಮಾತ್ರ ತಾಗುವ ಹಾಗೆ ಮುದ್ರೆ ಒತ್ತಿದರು. ಅಂದಿನಿಂದ ಹನ್ನೆರಡು ತಿಂಗಳೂ ಅವರು ಹಾಗೆಯೇ ಮಾಡಿಕೊಟ್ಟರು.

ಅಕ್ಕನ ಉತ್ತರ ಮೊಮ್ಮಗನ ಕೈಬರಹದಲ್ಲಿ ಬಂದಿತು. “ಇತ್ತ ಎಲ್ಲರೂ ಕ್ಷೇಮ. ನಿನ್ನ ಕಾರ್ಡು ತಲಪಿತು. ಅಡಕೆ ಕೊಯ್ಲು ನಡೆದಿದೆ.” ಇಷ್ಟೇ. ಗಂಧದ ಮಾತೇ ಇರಲಿಲ್ಲ. ಆದರೆ ಕಾರ್ಡಿನ ಒಂದು ಮೂಲೆಯಲ್ಲಿ ಬೆರಳಿನ ಗಾತ್ರದ ಅರಿಶಿನದ ಗುರುತಿತ್ತು. ಮನೆಯಲ್ಲಿ ಶುಭಕಾರ್ಯವೇನೂ ನಡೆದಿರಲಿಲ್ಲ. ಅದು ಹುಡುಗನ ಕೆಲಸವಲ್ಲ. ಸಾಲಿನ ಮೇಲೂ ಸ್ವಲ್ಪ ಹರಿದಿತ್ತು, ಕಣ್ಣಿಲ್ಲದ ಕೈ ಹಚ್ಚಿದ ಹಾಗೆ. ಎರಡನೆಯ ತಿಂಗಳೂ ಅರಿಶಿನ, ಮೂರನೆಯ ತಿಂಗಳೂ ಅರಿಶಿನ. ನಾನೂ ಕಾರ್ಡಿನಲ್ಲಿ ಆ ಮಾತೆತ್ತಲಿಲ್ಲ. ಓದಿ ಹೇಳುವವನು ಮಗು. ಮಗುವಿನ ಬಾಯಲ್ಲಿ ಆಡಿಸಬಾರದ ಮಾತನ್ನು ನಾವಿಬ್ಬರೂ ಮೂಲೆಗಳಿಗೆ ಬಿಟ್ಟೆವು. ಅವಳಿಂದ ನನಗೆ ಅರಿಶಿನ, ನನ್ನಿಂದ ಅವಳಿಗೆ ಗಂಧ.

ಏಳನೆಯ ತಿ೦ಗಳ ಕಾರ್ಡಿನಲ್ಲಿ ಅರಿಶಿನವಿರಲಿಲ್ಲ. ಒಕ್ಕಣೆ ಎಂದಿನದೇ: ಎಲ್ಲರೂ ಕ್ಷೇಮ, ಮಳೆ ಹಿಡಿದಿದೆ. ಕಾರ್ಡನ್ನು ದೀಪದ ಹತ್ತಿರ ಹಿಡಿದು ನಾಲ್ಕು ಮೂಲೆಗಳನ್ನೂ ನೋಡಿದೆ. ಮನೆಯಾಕೆ, “ಮರೆತಿರಬಹುದು” ಎಂದಳು. ಇರಬಹುದು. ಆದರೂ ಅಂದಿನ ರಾತ್ರಿಯ ಬಸ್ಸಿಗೆ ಹೊರಟೆ.

ಬೆಳಗ್ಗೆ ನಾನು ಅಂಗಳದಲ್ಲಿ ಕಾಲು ತೊಳೆಯುವ ಸದ್ದಿಗೇ, “ಬಂದೆಯೇನೋ?” ಎಂದಳು ಒಳಗಿನಿಂದ. ಮಂಚದ ಮೇಲೆ ಮಲಗಿದ್ದಳು. ಅರಿಶಿನ ಏಕಿರಲಿಲ್ಲವೆಂದು ಮೆಲ್ಲಗೆ ಕೇಳಿದೆ. “ಅರಿಶಿನದ ಬಟ್ಟಲು ಎಲ್ಲಿಟ್ಟಿದ್ದರೋ, ಕೈಗೆ ಸಿಗಲಿಲ್ಲ” ಎಂದಳು. ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ಹದಿನೈದು ದಿನದಿಂದ ಜ್ವರ ಬಂದು ಬಿಟ್ಟು ಆಗುತ್ತಿತ್ತು. ತೋಟದ ಗಲಾಟೆಯ ನಡುವೆ ತನ್ನದೊಂದು ರಗಳೆ ಬೇಡವೆಂದು ಯಾರಿಗೂ ಹೇಳಿರಲಿಲ್ಲ. ಅಂದೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾಕ್ಕೆ ತಿರುಗಿತ್ತು. ಮೂರು ವಾರಕ್ಕೆ ಎದ್ದು ಕೂತಳು. ಇನ್ನು ನಾಲ್ಕು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಮಗ ನನ್ನ ಕೈ ಹಿಡಿದು, “ನಿಮಗೆ ಹೇಗೆ ಗೊತ್ತಾಯಿತು ಮಾವ? ಕಾರ್ಡಿನಲ್ಲಿ ಏನೂ ಬರೆದಿರಲಿಲ್ಲವಲ್ಲ” ಎಂದು ಕೇಳಿದ. ಬರೆಯದೆ ಬಿಟ್ಟಿದ್ದರಿಂದಲೇ ಎಂದೆ. ಆ ಮೇಲೆ ಆ ಮನೆಯಲ್ಲಿ ಮುದುಕಿಯನ್ನು ದಿನಕ್ಕೊಂದು ಸಲ ಹೇಗಿದ್ದೀಯೆಂದು ಕೇಳುವವರಾದರು.

ವರ್ಷ ತುಂಬುವ ಹೊತ್ತಿಗೆ ಡಬ್ಬಿಯಲ್ಲಿದ್ದ ಸ್ಟಾಂಪುಗಳ ಕಂಪು ಬಹುಮಟ್ಟಿಗೆ ಇಳಿದಿತ್ತು. ಮತ್ತೆ ಕೊಳ್ಳೋಣವೆಂದರೆ ಕಿಟಕಿಯಲ್ಲಿ ಮುಗಿದುಹೋಗಿತ್ತು. ಹನ್ನೆರಡನೆಯದನ್ನು ಹಚ್ಚಿ, ಇದೇ ಕೊನೆಯದೆಂದು ಮಾತ್ರ ಬರೆದೆ. ಅವಳ ಉತ್ತರದಲ್ಲಿ ಮೊದಲ ಸಲ ಆ ಮಾತು ಬಂದಿತು. ಹುಡುಗ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದ: “ಇನ್ನು ಮೇಲೆ ಎಂಟಾಣೆ ಕಾರ್ಡೇ ಸಾಕು. ದುಡ್ಡು ದಂಡ ಮಾಡಬೇಡ. ಮೂರು ತಿಂಗಳಿಂದ ನಿನ್ನ ಸ್ಟಾಂಪಿನಲ್ಲಿ ಎಂಥದೂ ವಾಸನೆ ಇರಲಿಲ್ಲ. ಆದರೂ ಮೂಗಿಗೆ ಹಿಡಿದರೆ ಅಪ್ಪನ ಗಂಧವೇ ಬರುತ್ತಿತ್ತು. ಬರಿಯ ಕಾರ್ಡಿಗೂ ಬರುತ್ತದೆ, ಬರೆ.” ಮೂಲೆಯಲ್ಲಿ ಅರಿಶಿನ ದಟ್ಟವಾಗಿತ್ತು.

ಅವಳು ಇನ್ನೂ ನಾಲ್ಕು ವರ್ಷ ಬಾಳಿದಳು. ಅವಳು ಹೇಳಿದಂತೆ ಎಂಟಾಣೆಯ ಕಾರ್ಡನ್ನೇ ಬರೆದೆ. ತಿಂಗಳಿಗೊಂದು ಮೂಲೆ ಅರಿಶಿನ ತಪ್ಪದೆ ಬಂದಿತು.

ಕಿಟಕಿಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಬೆಲೆಯ ಲೆಕ್ಕ ಇಲಾಖೆಯದು. ಅದನ್ನು ಕಾಸು ಕೊರತೆಯಿಲ್ಲದೆ ಸಲ್ಲಿಸಬೇಕು. ಚಿತ್ರದ ಲೆಕ್ಕ ಓದುವವರದು. ಕಾರ್ಡು ಬರೆಯುವುದಕ್ಕೆ ಐದು ನಿಮಿಷ ಸಾಕು; ಸ್ಟಾಂಪು ಆರಿಸುವಾಗ ಇನ್ನೈದು ನಿಮಿಷ ಆ ಮನುಷ್ಯರ ಮುಖ ನಮ್ಮ ಕಣ್ಣ ಮುಂದೆ ಇರುತ್ತದೆ. ಈಗಿನ ದಿನಗಳಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಅಷ್ಟು ಹೊತ್ತು ಬೇರೇನನ್ನೂ ಮಾಡದೆ ಕೂರುವುದು ಅಪರೂಪ. ನಾಳೆ ಅಂಚೆ ಕಚೇರಿಯಲ್ಲಿ ಸಾಲಿನ ಮುಂದಿರುವವರು, “ಬೇರೆ ಚಿತ್ರದ್ದು ಇದೆಯೇ?” ಎಂದು ಕೇಳಿದರೆ, ದಯವಿಟ್ಟು ಗಂಟಲು ಸರಿಮಾಡಿಕೊಳ್ಳಬೇಡಿ.